ಒಂದು ಬೆರಳಿನ ಟೀಚರ್, ಬಿರುಕು ಸಾಹೇಬ್ರು

"ಆಫ್ ಮಾಡಿ! ಎಲ್ಲಾನೂ ಆಫ್ ಮಾಡಿ!"

ಬಾಗಿಲಲ್ಲಿ ನಿಂತು ಕೂಗಿದವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಐದು ಕೀಬೋರ್ಡುಗಳು ಒಟ್ಟಿಗೆ ಡ್ರಮ್ಮು, ಬೇಸು, ಗಿಟಾರು ಎಲ್ಲವನ್ನೂ ತಾವೇ ಬಾರಿಸಿಕೊಳ್ಳುತ್ತಿದ್ದವು. ಬಾರಿಸುವವರು ಎಡಗೈಯ ಒಂದೇ ಒಂದು ಬೆರಳಿಟ್ಟು ಕೂತಿದ್ದರು, ಅಷ್ಟೇ.

ಅವನು ಸೀದಾ ಒಳಗೆ ಬಂದು ಗೋಡೆಯ ಪ್ಲಗ್ಗು ಕಿತ್ತುಹಾಕಿದ.

ಹಾಲ್ ಒಮ್ಮೆಲೇ ಮೂಕವಾಯಿತು.

"ಯಾರ್ರೀ ನೀವು?" ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟಳು. "ಕ್ಲಾಸ್ ನಡೀತಿದೆ, ಕಾಣಲ್ವಾ?"

"ಕಾಣ್ತಿದೆ. ಅದಕ್ಕೇ ಹೇಳ್ತಿರೋದು. ಒಂದು ನಿಮಿಷ ಯಾರೂ ಅಲುಗಾಡಬೇಡಿ."

ಅವನು ಹಿಂದಿನ ಗೋಡೆಗೆ ಅಂಗೈ ಊರಿ, ಕಿವಿ ಹಚ್ಚಿ ನಿಂತ. ಎಂಥ ವಿಚಿತ್ರ ಮನುಷ್ಯ! ಅವಳಿಗೆ ಕೋಪ ನೆತ್ತಿಗೇರಿತು. ಆದರೆ ಆ ನಿಶ್ಶಬ್ದದಲ್ಲಿ ಅವಳಿಗೂ ಏನೋ ಕೇಳಿಸಿತು... ಗೋಡೆಯ ಒಳಗೆ, ಬಹಳ ಮೆಲ್ಲಗೆ, ಮರಳು ಸುರಿದ ಹಾಗೆ... ಸರ್‍ರ್...

"ಕೇಳಿಸ್ತಾ?" ಅವನು ಕೇಳಿದ.

"ಇಲಿ ಇರ್ಬೇಕು."

"ಇಲಿ ಆಗಿದ್ರೆ ನನಗಿಂತ ಖುಷಿ ಪಡೋರು ಇನ್ನೊಬ್ಬರಿಲ್ಲ," ಎಂದ ಅವನು. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ಅವನು ನಗರಸಭೆಯ ಎಂಜಿನಿಯರ್. ಹಳೆಯ ಕಟ್ಟಡಗಳ ಆರೋಗ್ಯ ನೋಡುವುದು ಅವನ ಕೆಲಸ. ಆ ದಿನ ಹಾಲಿನ ನಾಲ್ಕು ಬಿರುಕುಗಳ ಮೇಲೆ ಅಡ್ಡಲಾಗಿ ನಾಲ್ಕು ತೆಳು ಗಾಜಿನ ಪಟ್ಟಿ ಅಂಟಿಸಿ, ಪ್ರತಿಯೊಂದರ ಪಕ್ಕ ತಾರೀಕು ಬರೆದ.

"ಗೋಡೆ ಕೂದಲೆಳೆಯಷ್ಟು ಸರಿದ್ರೂ ಗಾಜು ಒಡೆಯುತ್ತೆ. ಒಡೆದ್ರೆ ತಕ್ಷಣ ನನಗೆ ಹೇಳಿ ಕಳಿಸಿ. ಇಲ್ಲಾಂದ್ರೂ ವಾರಕ್ಕೊಂದು ಸಲ ಬಂದು ನೋಡ್ತೀನಿ."

ಅವನು ಮೆಟ್ಟಿಲಿಳಿದ ಮೇಲೆ, ನಿವೃತ್ತ ಬಸ್ ಚಾಲಕರಾದ ಡ್ರೈವರ್ ಮಾವ ಗಂಟಲು ಸರಿಮಾಡಿಕೊಂಡರು.

"ಗೋಡೆಗೂ ಕಿವಿ ಇರುತ್ತೆ ಅಂತ ಕೇಳಿದ್ದೆ. ಗೋಡೆಗೇ ಕಿವಿ ಕೊಡೋರನ್ನ ಇವತ್ತೇ ನೋಡಿದ್ದು! ಬಿರುಕು ಸಾಹೇಬ್ರು!"

ಎಲ್ಲರೂ ನಕ್ಕರು. ಟೀಚರ್ ಕೂಡ ನಕ್ಕಳು. ಆದರೆ ಆ ಸರ್‍ರ್ ಸದ್ದು ಅವಳ ಕಿವಿಯಿಂದ ಹೋಗಲಿಲ್ಲ.

ಅವಳಿಗೂ ಒಂದು ಅಡ್ಡಹೆಸರಿತ್ತು. ಸಂಗೀತ ಬಲ್ಲವರು ಅವಳನ್ನು 'ಒಂದು ಬೆರಳಿನ ಟೀಚರ್' ಎಂದು ಹಂಗಿಸುತ್ತಿದ್ದರು. ಒಂದು ಕೀ ಒತ್ತಿದರೆ ಮೇಜರ್ ಕಾರ್ಡು ಎಂಬ ಸ್ವರಗುಚ್ಛ, ಎಡಪಕ್ಕದ ಕರಿ ಕೀಯನ್ನೂ ಸೇರಿಸಿದರೆ ಮೈನರ್, ಮಿಕ್ಕ ವಾದ್ಯಗಳನ್ನೆಲ್ಲ ಯಂತ್ರವೇ ನುಡಿಸುತ್ತದೆ... ಇದೂ ಒಂದು ವಿದ್ಯೆಯೇ ಎಂದು ಅವರ ಕೊಂಕು.

ಅವಳ ಹನ್ನೆರಡನೇ ವಯಸ್ಸಿನಲ್ಲಿ ಗುರು ಎಲ್ಲರ ಮುಂದೆ, "ನಿನ್ನ ಕೈಗೆ ಸಂಗೀತ ಹತ್ತಲ್ಲ, ಮನೆಗೆ ಹೋಗು," ಎಂದು ಎಬ್ಬಿಸಿ ಕಳಿಸಿದ್ದರು. ಅಂಥದೇ ಮಾತು ಕೇಳಿಸಿಕೊಂಡವರನ್ನೆಲ್ಲ ಈಗ ಅವಳು ಸೇರಿಸಿಕೊಂಡಿದ್ದಳು. ಡ್ರೈವರ್ ಮಾವ, ಔಷಧಿ ಅಂಗಡಿಯ ಅಕ್ಕ, ಕಟಿಂಗ್ ಶಾಪಿನ ಅಣ್ಣ, ಜೊತೆಗೆ ಗಂಡ-ಹೆಂಡತಿ ಇಬ್ಬರು. ಹಿಂದೆ ಎರಡು ಕಡೆ ಸದ್ದು ಜಾಸ್ತಿಯೆಂದು ಅವಳನ್ನು ಬಿಡಿಸಿದ್ದರು. ಈ ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ ಮಾತ್ರ ಯಾರೂ ತಕರಾರು ಎತ್ತಿರಲಿಲ್ಲ. ಹಾಲಿನ ಹಿಂದಿನ ಕೋಣೆಯೇ ಅವಳಿಗೂ ಚಿಕ್ಕಮ್ಮನಿಗೂ ಮನೆ. ಕೆಳಗೆ ಚಿಕ್ಕಮ್ಮನ ಹೊಲಿಗೆ ಮಷಿನ್ನು.

ಇದೂ ಹೋದರೆ ಎಲ್ಲಿಗೆ?

ಮುಂದಿನ ವಾರ ಅವನು ಬಂದ. ಅದರ ಮುಂದಿನ ವಾರವೂ. ಟಾರ್ಚು ಹಿಡಿದು ನಾಲ್ಕು ಗಾಜನ್ನೂ ನೋಡಿ, ಪುಸ್ತಕದಲ್ಲಿ ಗೀಚಿಕೊಂಡು, ಹೊರಡುವ ಮುಂಚೆ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಒಂದು ದಿನ ಕ್ಲಾಸು ಮುಗಿದ ಮೇಲೂ ನಿಂತೇ ಇದ್ದ.

"ಒಂದು ಬೆರಳಿಗೆ ಇಷ್ಟೆಲ್ಲಾ ಸದ್ದು ಹೇಗೆ ಬರುತ್ತೆ?"

"ಬನ್ನಿ, ಕೂತ್ಕೊಳ್ಳಿ. ಎಡಗೈ ಕೊಡಿ."

ಅವನ ತೋರುಬೆರಳನ್ನು ಹಿಡಿದು ಒಂದು ಬಿಳಿ ಕೀಯ ಮೇಲಿಟ್ಟಳು. ಬೆರಳು ತಣ್ಣಗಿತ್ತು, ಉಗುರಿನ ಸಂದಿಯಲ್ಲಿ ಸುಣ್ಣದ ಪುಡಿ. ಅವನು ಒತ್ತಿದ ಕೂಡಲೇ ಡ್ರಮ್ಮು ಶುರುವಾಯಿತು, ಅದರ ಹಿಂದೆ ಬೇಸು, ಅದರ ಹಿಂದೆ ಗಿಟಾರು...

ಅವನ ಕಣ್ಣು ಅಗಲವಾಯಿತು. ಗಡಬಡಿಸಿ ಕೈ ತೆಗೆದ. ಬ್ಯಾಂಡು ನಿಲ್ಲಲಿಲ್ಲ.

"ಕೈ ತೆಗೆದ್ರೂ ನಡೀತಾನೇ ಇದೆಯಲ್ಲ!"

"ಸ್ಟಾಪ್ ಒತ್ತೋ ತನಕ ನಡೀತಾನೇ ಇರುತ್ತೆ."

"ಹಾಗಾದ್ರೆ ಮೊದಲು ನಿಲ್ಲಿಸೋದು ಹೇಳ್ಕೊಡಿ, ಟೀಚರ್. ಶುರು ಮಾಡೋದು ಆಮೇಲೆ ಕಲೀತೀನಿ."

ಅವಳು ಜೋರಾಗಿ ನಕ್ಕುಬಿಟ್ಟಳು. ಅವನು ನಗಲಿಲ್ಲ. ಆದರೆ ಅವಳ ನಗುವನ್ನೇ ನೋಡುತ್ತಾ ಕೂತ... ಎಷ್ಟೋ ವರ್ಷದಿಂದ ಯಾರೂ ನಕ್ಕಿದ್ದನ್ನು ಕಂಡಿಲ್ಲವೇನೋ ಎಂಬಂತೆ!

ಅಂದಿನಿಂದ ವಾರಕ್ಕೊಂದು ಪಾಠ. ನಾಲ್ಕನೇ ವಾರದ ಹೊತ್ತಿಗೆ ಮೂರು ಕಾರ್ಡು ಬದಲಾಯಿಸುವುದು ಬಂತು. ಬದಲಾಯಿಸುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅವನು ಬರುವ ದಿನ ಟೀಚರ್ ಎರಡೆರಡು ಸಲ ತಲೆ ಬಾಚಿಕೊಳ್ಳುವುದು ಚಿಕ್ಕಮ್ಮನ ಕಣ್ಣಿಗೆ ಬೀಳದೇ ಇರಲಿಲ್ಲ.

"ಬಿರುಕು ನೋಡೋಕೆ ಬರೋರಿಗೆ ಇಷ್ಟೊಂದು ಅಲಂಕಾರ ಬೇಕೇನೇ?"

"ಸುಮ್ನಿರಿ ಚಿಕ್ಕಮ್ಮ!"

ಆದರೆ ಮನೆಯೊಳಗೆ ಬೇರೇನೋ ನಡೆಯುತ್ತಿತ್ತು. ಮೊನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತ್ತು. ಬೆಳಿಗ್ಗೆ ಎದ್ದರೆ ಕೀಬೋರ್ಡುಗಳ ಮೇಲೆ ಬಿಳಿ ಪುಡಿ. ಬೇಸಿನ ಪೆಟ್ಟು ಬಿದ್ದಾಗೆಲ್ಲ ಮೇಜಿನ ಮೇಲಿನ ಲೋಟದಲ್ಲಿ ನೀರು ಸಣ್ಣಗೆ ನಡುಗುತ್ತಿತ್ತು. ನೆಲದ ಮೇಲೆ ಬಿದ್ದ ಪೆನ್ಸಿಲ್ಲು ತಾನಾಗಿಯೇ ಹಿಂದಿನ ಗೋಡೆಯ ಕಡೆ ಉರುಳಿಹೋಗುತ್ತಿತ್ತು.

ಅವಳು ನೋಡಿಯೂ ನೋಡದವಳಂತಿದ್ದಳು.

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಕಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ, ಗಾಜಿನ ಚೂರು!

ತಲೆ ಎತ್ತಿದಳು. ಮೂರನೇ ಪಟ್ಟಿ ನಡುವೆ ಎರಡು ತುಂಡಾಗಿತ್ತು.

ಹೇಳಬೇಕು... ಅವರಿಗೆ ಈಗಲೇ ಹೇಳಬೇಕು... ಹೇಳಿದರೆ ಖಾಲಿ ಮಾಡಿ ಅನ್ನುತ್ತಾರೆ. ಮಾವನ ಮೂರನೇ ಕಾರ್ಡು ಈಗಷ್ಟೇ ಕೂಡಿ ಬರುತ್ತಿದೆ. ಚಿಕ್ಕಮ್ಮನಿಗೆ ಇನ್ನೊಮ್ಮೆ ಗಂಟು ಮೂಟೆ ಕಟ್ಟು ಅನ್ನಲಾ? ಇನ್ನು ಅವರು... ಗೋಡೆಯೇ ಇಲ್ಲದಿದ್ದರೆ ಅವರು ಇಲ್ಲಿಗೆ ಬರುವುದಾದರೂ ಯಾಕೆ?

ಹಳೇ ಫೋಟೋ ಚೌಕಟ್ಟಿನ ಗಾಜು ಕತ್ತರಿಸಿ ತಂದಳು. ಅದೇ ಜಾಗದಲ್ಲಿ ಅಂಟಿಸಿದಳು. ಅಂಟಿಸುವಾಗ ಅಳಿಸಿಹೋದ ತಾರೀಕನ್ನು ಅವನ ಅಕ್ಷರದಂತೆಯೇ ಬರೆದಳು.

ಆ ವಾರ ಅವನು ಬಂದಾಗ ಮೂರನೇ ಗಾಜಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತ. ಟಾರ್ಚು ಆರಿಸಿದ. ಪಾಠಕ್ಕೆ ಕೂರಲಿಲ್ಲ.

"ಇವತ್ತು ಕೆಲಸ ಇದೆ, ಟೀಚರ್."

ಅವಳ ಮುಖವನ್ನೂ ನೋಡದೆ ಹೋದ.

ಎರಡೇ ದಿನದಲ್ಲಿ ಬಾಗಿಲಿಗೆ ಪತ್ರ ಅಂಟಿತ್ತು. 'ವಾಸಕ್ಕೆ ಅಪಾಯಕಾರಿ. ಕೂಡಲೇ ತೆರವುಗೊಳಿಸತಕ್ಕದ್ದು.' ಕೆಳಗೆ ಅವನದೇ ಸಹಿ. ಬಾಗಿಲು ತಟ್ಟಿ ಒಂದು ಮಾತು ಹೇಳುವಷ್ಟೂ ವ್ಯವಧಾನ ಇರಲಿಲ್ಲವಾ?

ಟೀಚರ್ ಪತ್ರವನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ಯಾರಿಗೂ ತೋರಿಸದೆ ಮೇಜಿನ ಖಾನೆಯೊಳಗೆ ತಳ್ಳಿದಳು.

ಕಟ್ಟಡದ ಮಾಲೀಕರಿಗೆ ಫೋನ್ ಮಾಡಿದರೆ ಅವರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದರು.

"ಅಯ್ಯೋ, ಹೆದರ್ಕೋಬೇಡಮ್ಮ. ನಮ್ಮ ತಾತನ ಕಾಲದ ಗಟ್ಟಿ ಗೋಡೆ. ಆ ಎಂಜಿನಿಯರ್ ನೋಡ್ಕೋತಿದ್ದ ಕಟ್ಟಡ ಒಂದು ಹಿಂದೆ ಬಿದ್ದುಹೋಯ್ತು. ಅವತ್ತಿಂದ ಅವನಿಗೆ ಹಗ್ಗ ಕಂಡ್ರೂ ಹಾವು. ನೀನು ಆರಾಮಾಗಿ ಪಾಠ ಮಾಡು."

ಅವಳಿಗೆ ಬೇಕಾಗಿದ್ದ ಮಾತೇ ಅದು. ಅದನ್ನೇ ಹಿಡಿದುಕೊಂಡು ನೇರ ನಗರಸಭೆ ಕಚೇರಿಗೆ ಹೋದಳು. ಕಡತಗಳ ರಾಶಿ ತುಂಬಿದ ಕಾರಿಡಾರಿನಲ್ಲಿ ಅವನು ಎದುರಾದ.

"ನಾಲ್ಕು ಗಾಜೂ ಸರಿ ಇದೆ. ಯಾವ ಆಧಾರದ ಮೇಲೆ ಈ ಪತ್ರ ಬರೆದ್ರಿ?"

ಅವನು ಬಹಳ ಮೆಲ್ಲಗೆ ಹೇಳಿದ, "ಮೂರನೇ ಗಾಜು ನಂದಲ್ಲ, ಟೀಚರ್. ತಾರೀಕು ಬರೆಯುವಾಗ ನಾನು ಏಳಕ್ಕೆ ನಡುವೆ ಒಂದು ಅಡ್ಡಗೀಟು ಹಾಕ್ತೀನಿ. ಅದರಲ್ಲಿ ಇಲ್ಲ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಸಿಕ್ಕಿಬಿದ್ದ ನಾಚಿಕೆ ಕ್ಷಣದಲ್ಲಿ ಕೋಪವಾಗಿ ತಿರುಗಿತು.

"ಓಹೋ! ಪಾಠದ ನೆಪದಲ್ಲಿ ಬರ್ತಿದ್ದಿದ್ದು ಇದಕ್ಕೇನಾ? ನನ್ನ ಮೇಲೆ ಕಣ್ಣಿಡೋಕೆ?"

"ಟೀಚರ್, ದಯವಿಟ್ಟು... ಇವತ್ತೇ ಖಾಲಿ ಮಾಡಿ. ಸೋಮವಾರ ಬೀಗಮುದ್ರೆ ಹಾಕೋಕೆ ಆದೇಶ ಬರುತ್ತೆ. ಅಲ್ಲೀವರೆಗೂ ಆ ಗೋಡೆ ಕಾಯುತ್ತೆ ಅನ್ನೋ ನಂಬಿಕೆ ನನಗಿಲ್ಲ."

"ನಿಮ್ಮ ಕೈಯಲ್ಲಿ ಒಂದು ಕಟ್ಟಡ ಬಿತ್ತಂತಲ್ಲ! ಅವತ್ತಿನ ಭಯಕ್ಕೆ ಇವತ್ತು ನನ್ನನ್ನ ಬೀದಿಗೆ ತಳ್ತೀರಾ?"

ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು.

"ಹೌದು," ಎಂದ. "ಬಿತ್ತು."

ಅಷ್ಟೇ ಹೇಳಿ ಒಳಗೆ ಹೋದ. ಆಡಬಾರದ ಮಾತನ್ನು ಆಡಿಬಿಟ್ಟೆ ಎಂದು ಅವಳಿಗೆ ಮೆಟ್ಟಿಲಿಳಿಯುವ ಮುಂಚೆಯೇ ಗೊತ್ತಾಯಿತು. ಆದರೆ ತಿರುಗಿ ಹೋಗಲಿಲ್ಲ.

ಆ ಸಂಜೆ ಅವನು ಎದುರಿನ ಫುಟ್‌ಪಾತಿನಲ್ಲಿ ಬಂದು ನಿಂತ. ಮರುದಿನವೂ ನಿಂತ. ಮೇಲೆ ಬರುವುದಿಲ್ಲ, ಕೂಗುವುದಿಲ್ಲ, ಕಣ್ಣು ಮಾತ್ರ ಗೋಡೆಯ ಮೇಲೆ.

ನೋಡಲಿ. ಎಷ್ಟು ಬೇಕಾದರೂ ಕಾವಲು ಕಾಯಲಿ!

ಟೀಚರ್ ಪರದೆ ಎಳೆದಳು. ಎಳೆದ ಮೇಲೂ ಅವನು ಅಲ್ಲೇ ಇರುವುದು ಬೆನ್ನಿಗೆ ತಿಳಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಐದೂ ಜನ ಬಂದರು. ಅವಳು ಯಾರಿಗೂ ಏನೂ ಹೇಳಲಿಲ್ಲ. ಬಾಗಿಲು ಮುಚ್ಚಲು ಭುಜ ಕೊಟ್ಟು ನೂಕಬೇಕಾಯಿತು.

"ಸ್ಟಾರ್ಟ್!"

ಐದು ಡ್ರಮ್ಮುಗಳು ಒಟ್ಟಿಗೆ ಎದ್ದವು. ಮೊದಲ ಕಾರ್ಡು... ಎರಡನೆಯದು... ಎಲ್ಲರೂ ಒಂದೇ ತಾಳದಲ್ಲಿ ಬದಲಾಯಿಸಿದರು! ಇಷ್ಟು ದಿನದಲ್ಲಿ ಮೊದಲ ಸಲ! ಡ್ರೈವರ್ ಮಾವನ ಮುಖ ಮಗುವಿನದಾಗಿತ್ತು. ಔಷಧಿ ಅಂಗಡಿ ಅಕ್ಕ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು.

ಟಿಕ್.

ಸಂಗೀತದ ನಡುವೆಯೂ ಟೀಚರಿಗೆ ಕೇಳಿಸಿತು. ಎರಡನೇ ಗಾಜು. ಅವಳು ಅದರ ಕಡೆ ನೋಡಲಿಲ್ಲ.

ಟಿಕ್.

"ಸೌಂಡ್ ಜಾಸ್ತಿ ಮಾಡಿ!" ಎಂದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. "ಎಲ್ರೂ! ಇನ್ನೂ ಜಾಸ್ತಿ!"

ಬೇಸು ನೆಲದಿಂದ ಅಂಗಾಲಿಗೆ ಹತ್ತಿತು. ಲೋಟ ಮೇಜಿನ ಮೇಲೆ ತಾನಾಗಿ ನಡೆಯುತ್ತಾ ಅಂಚಿಗೆ ಬಂತು. ಮೇಲಿನಿಂದ ಹಿಟ್ಟಿನಂಥ ಪುಡಿ ಅವಳ ಬೆರಳುಗಳ ಮೇಲೆ ಉದುರಿತು...

ಆಗ ಎಲ್ಲವೂ ನಿಂತಿತು.

ತಾಳದ ನಡುವೆಯೇ ಐದು ಯಂತ್ರಗಳೂ ಸತ್ತವು. ಫ್ಯಾನು ನಿಧಾನವಾಯಿತು.

"ಕರೆಂಟ್ ಹೋಯ್ತಾ?" ಕಟಿಂಗ್ ಶಾಪಿನ ಅಣ್ಣ ಕೇಳಿದ.

ಬ್ಯಾಂಡು ನಿಂತ ಮೇಲೆ ಎಲ್ಲರಿಗೂ ಕಟ್ಟಡದ ಸದ್ದು ಕೇಳಿಸುತ್ತಿತ್ತು. ಗೋಡೆಯೊಳಗೆ ಮರಳು ಸುರಿಯುತ್ತಿರಲಿಲ್ಲ, ಕಲ್ಲುಗಳೇ ಜಾರುತ್ತಿದ್ದವು. ತಲೆಯ ಮೇಲಿನ ತೊಲೆ ಉದ್ದಕ್ಕೂ ನರಳಿತು.

"ಏಳಿ!" ಟೀಚರ್ ಚೀರಿದಳು. "ಎಲ್ರೂ ಏಳಿ, ಹೊರಗೆ!"

ಅಣ್ಣ ಬಾಗಿಲನ್ನು ಜಗ್ಗಿದ. ಅದು ಅಲುಗಲಿಲ್ಲ. ಚೌಕಟ್ಟೇ ಕುಸಿದು ಬಾಗಿಲನ್ನು ಕಚ್ಚಿಕೊಂಡಿತ್ತು!

"ಬಾಗಿಲಿಂದ ಹಿಂದೆ ಸರೀರಿ!"

ಹೊರಗಿನಿಂದ ಅವನ ದನಿ. ಹಾರೆಯ ಒಂದು ಪೆಟ್ಟು, ಎರಡು, ಮೂರು... ಹಲಗೆ ಸೀಳಿತು. ಕೆಳಗೆ ಮೇನ್ ಸ್ವಿಚ್ಚು ಇಳಿಸಿ, ಚಿಕ್ಕಮ್ಮನನ್ನು ಬೀದಿಗೆ ಕಳಿಸಿ, ಮೇಲೆ ಓಡಿ ಬಂದಿದ್ದ.

"ಓಡ್ಬೇಡಿ. ಗೋಡೆ ಪಕ್ಕಕ್ಕೇ ಒಬ್ಬೊಬ್ರಾಗಿ ಇಳೀರಿ. ಮಾವ, ನನ್ನ ಭುಜ ಹಿಡ್ಕೊಳ್ಳಿ, ದಾಟಿ."

ಒಬ್ಬೊಬ್ಬರೇ ಇಳಿದರು. ಕೊನೆಗೆ ಟೀಚರ್ ಉಳಿದಳು. ಒಡೆದ ಗಾಜನ್ನೇ ನೋಡುತ್ತಾ ನಿಂತಿದ್ದಳು.

"ಗೊತ್ತಿತ್ತು ನನಗೆ..." ಎಂದಳು. "ಟಿಕ್ ಅಂದಿದ್ದು ಕೇಳಿಸ್ತು... ಕೇಳಿಸಿದ್ರೂ..."

"ಇಳಿ!" ಅವನು ಅವಳ ಕೈ ಹಿಡಿದು ಮೆಟ್ಟಿಲಿಗೆ ತಳ್ಳಿದ. "ಆಮೇಲೆ ಹೇಳು! ನೀನು ಮೊದಲು ಇಳಿ!"

ಅವಳು ಇಳಿದಳು. ಬೀದಿ ಮುಟ್ಟಿ ಹತ್ತು ಹೆಜ್ಜೆ ಇಟ್ಟಿರಬಹುದು. ಹಿಂದೆ, ಯಾರೋ ಭಾರದ ಮೂಟೆಯೊಂದನ್ನು ಇಳಿಸಿದ ಹಾಗೆ ಸದ್ದಾಯಿತು. ಅಷ್ಟೇ. ತಿರುಗಿದರೆ ಕಟ್ಟಡದ ಹಿಂಭಾಗವಿದ್ದ ಕಡೆ ಆಕಾಶ ಕಾಣುತ್ತಿತ್ತು. ಆಮೇಲೆ ದೂಳು ಅದನ್ನೂ ನುಂಗಿತು.

ಮಾವ, ಅಕ್ಕ, ಅಣ್ಣ, ಗಂಡ, ಹೆಂಡತಿ. ಚಿಕ್ಕಮ್ಮ. ಮತ್ತೆ ಎಣಿಸಿದಳು. ಮತ್ತೆ ಅಷ್ಟೇ.

"ಬಿರುಕು ಸಾಹೇಬ್ರೇ!" ಅವನ ಮುಂದೆ ಒಮ್ಮೆಯೂ ಆಡದ ಆ ಅಡ್ಡಹೆಸರನ್ನೇ ಕೂಗುತ್ತಾ ಅವಳು ದೂಳಿನೊಳಗೆ ನುಗ್ಗಿದಳು. ಡ್ರೈವರ್ ಮಾವ ಅವಳ ರಟ್ಟೆ ಹಿಡಿದು ನಿಲ್ಲಿಸಿದರು. "ಬಿರುಕು ಸಾಹೇಬ್ರೇ!"



ಬಹಳ ಹೊತ್ತಾದ ಮೇಲೆ ಒಂದು ಕೆಮ್ಮು ಕೇಳಿತು.

ಅಗ್ನಿಶಾಮಕದವರಿಗೆ ಅವನನ್ನು ಮೆಟ್ಟಿಲ ಕಮಾನಿನ ಅಡಿಯಿಂದ ಹೊರತೆಗೆಯಲು ಒಂದು ಗಂಟೆ ಹಿಡಿಯಿತು. ಬಲಭುಜದ ಮೂಳೆ ಪುಡಿಯಾಗಿತ್ತು. ಪ್ರಜ್ಞೆ ಇರಲಿಲ್ಲ.

ಆ ರಾತ್ರಿ ಟೀಚರ್ ಮತ್ತು ಚಿಕ್ಕಮ್ಮ ಕಟಿಂಗ್ ಶಾಪಿನ ಹಿಂದಿನ ಕೋಣೆಯಲ್ಲಿ ಮಲಗಿದರು. ಮಲಗಿದ್ದಷ್ಟೇ, ನಿದ್ದೆ ಬರಲಿಲ್ಲ. ಮರುದಿನ ಎದ್ದವಳೇ ಒಬ್ಬೊಬ್ಬ ವಿದ್ಯಾರ್ಥಿಯ ಮನೆಗೂ ಹೋದಳು. ಗಾಜು ಬದಲಿಸಿದ್ದು, ಪತ್ರ ಬಚ್ಚಿಟ್ಟಿದ್ದು, ಸೌಂಡ್ ಜಾಸ್ತಿ ಮಾಡಿಸಿದ್ದು, ಒಂದನ್ನೂ ಬಿಡದೆ ಹೇಳಿದಳು.

ಔಷಧಿ ಅಂಗಡಿ ಅಕ್ಕ ಪೂರ್ತಿ ಕೇಳಿಸಿಕೊಂಡು, "ನನಗೆ ಇಬ್ಬರು ಮಕ್ಕಳಿದಾರೆ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಟಿಂಗ್ ಶಾಪಿನ ಅಣ್ಣ, "ಆಯ್ತು ಬಿಡಿ," ಎಂದ, ಆದರೆ ಕಣ್ಣೆತ್ತಿ ನೋಡಲಿಲ್ಲ. ಡ್ರೈವರ್ ಮಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಬ್ರೇಕ್ ಸರಿ ಇಲ್ಲ ಅಂತ ಗೊತ್ತಿದ್ದೂ ಒಂದು ದಿನ ನಾನು ಗಾಡಿ ತೆಗೆದಿದ್ದೆ ಕಣಮ್ಮ. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಆಮೇಲೆ ಯಾವತ್ತೂ ತೆಗೀಲಿಲ್ಲ. ನೀನೂ ತೆಗೀಬೇಡ."

ಅವಳು ಅತ್ತಳು. ಕಟ್ಟಡ ಬಿದ್ದ ನಂತರ ಮೊದಲ ಸಲ ಅತ್ತಳು.

ಆದರೆ ಹೇಳಬೇಕಾದ ಒಬ್ಬರು ಇನ್ನೂ ಉಳಿದಿದ್ದರು. ನಾಲ್ಕು ದಿನ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹಿಂದಿರುಗಿದಳು. ಯಾವ ಮುಖ ಇಟ್ಟುಕೊಂಡು ಹೋಗಲಿ? ಅವರ ಕಣ್ಣಲ್ಲಿ ನಾನು ಏನಾಗಿರಬಹುದು?

ಐದನೇ ದಿನ ಚಿಕ್ಕಮ್ಮ ಬೈದಳು. "ಗೇಟು ಕಾಯೋಕೆ ಅಲ್ಲಿ ಆಗಲೇ ಒಬ್ಬ ಇದಾನೆ. ನೀನು ಒಳಗೆ ಹೋಗು."

ಕಿಟಕಿಯ ಪಕ್ಕದ ಮಂಚ. ಬಲಗೈ ಭುಜದವರೆಗೆ ಕಟ್ಟು. ಅವಳನ್ನು ಕಂಡು ಅವನು ಎದ್ದು ಕೂರಲು ನೋಡಿದ.

"ಏಳ್ಬೇಡಿ," ಎಂದಳು. "ನಾನು... ಅವತ್ತು ಕಚೇರಿಯಲ್ಲಿ ಅಂದ ಮಾತು..."

"ನಿಜವನ್ನೇ ಅಂದ್ರಿ, ಟೀಚರ್. ಅರ್ಧ ನಿಜ. ಉಳಿದರ್ಧ ನಾನು ಹೇಳ್ಬೇಕಿತ್ತು."

ಅವನು ಕಿಟಕಿಯ ಕಡೆ ತಿರುಗಿದ.

"ಅದೊಂದು ಪ್ರಿಂಟಿಂಗ್ ಪ್ರೆಸ್ಸು. ಖಾಲಿ ಮಾಡಿ ಅಂದೆ. ಅಲ್ಲಿನ ಮೇಲ್ವಿಚಾರಕಿ ಎಂಟು ದಿನ ಟೈಮ್ ಕೊಡಿ ಅಂತ ಕೈ ಮುಗಿದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಕೊಟ್ಟೆ. ಆರನೇ ದಿನ ಬಿತ್ತು. ಕೈ ಮುಗಿದಿದ್ದ ಅವರೇ ಒಳಗಿದ್ರು."

ಅವಳು ಮಂಚದ ಕಂಬಿ ಹಿಡಿದುಕೊಂಡಳು.

"ಹೊಸ ಗಾಜು ನೋಡಿದಾಗಲೇ ಗೊತ್ತಾಯ್ತು, ನಿಮಗೂ ಟೈಮ್ ಬೇಕಾಗಿದೆ ಅಂತ. ನೀವು ಎದುರಿಗೆ ನಿಂತು ಎಂಟು ದಿನ ಕೇಳಿದ್ರೆ... ನನ್ನ ಕೈಯಲ್ಲಿ ಇಲ್ಲ ಅನ್ನೋಕೆ ಆಗ್ತಿರ್ಲಿಲ್ಲ. ಅದಕ್ಕೇ ಕಳ್ಳನ ಹಾಗೆ ಪತ್ರ ಅಂಟಿಸಿ ಹೋದೆ. ಬೇರೆ ಯಾರೇ ಆಗಿದ್ರೂ ಬಾಗಿಲು ತಟ್ಟಿ ಹೇಳ್ತಿದ್ದೆ, ಟೀಚರ್."

"ಬೇರೆ ಯಾರೇ ಆಗಿದ್ರೂ..." ಅವಳು ಮೆಲ್ಲಗೆ ಪುನರುಚ್ಚರಿಸಿದಳು. ಆ ಮಾತಿನ ಅರ್ಥ ನಿಧಾನವಾಗಿ ಎದೆಗೆ ಇಳಿಯಿತು. "ಫುಟ್‌ಪಾತಲ್ಲಿ ಯಾಕೆ ನಿಂತಿದ್ರಿ?"

"ಬೀಳೋದನ್ನ ತಡೆಯೋಕಂತೂ ಆಗಲ್ಲ. ಬಿದ್ದಾಗ ಅಲ್ಲಿ ಇರ್ಬೇಕು ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತಳು.

"ನಾನು ಅಷ್ಟೆಲ್ಲಾ ಮೋಸ ಮಾಡಿದ್ರೂನಾ?"

"ಅಷ್ಟೆಲ್ಲಾ ಮಾಡಿದ್ರೂ."

"ಕೋಪ ಬರ್ಲಿಲ್ವಾ?"

"ಬಂತು. ಇನ್ನೂ ಇದೆ." ಅವನು ಅವಳನ್ನೇ ನೋಡಿದ. "ಕೋಪ ಒಂದು ಕಡೆ ಇದೆ. ನೀವು ಬರ್ಲಿಲ್ಲ ಅಂತ ದಿನಾ ಬಾಗಿಲು ನೋಡಿದ್ದು ಇನ್ನೊಂದು ಕಡೆ ಇದೆ."

ಅವಳು ಅವನ ಎಡಗೈಯ ಬೆರಳುಗಳನ್ನು ಮೆಲ್ಲಗೆ ತನ್ನ ಅಂಗೈಯೊಳಗೆ ತೆಗೆದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಯಾರೋ ಗಾಲಿ ಮಂಚ ತಳ್ಳಿಕೊಂಡು ಹೋದರು. ನೆಲ ಸಣ್ಣಗೆ ಅದುರಿತು. ಇಬ್ಬರೂ ಬೆಚ್ಚಿ ಒಟ್ಟಿಗೆ ಗೋಡೆಯ ಕಡೆ ನೋಡಿದರು. ಗೋಡೆ ನೆಟ್ಟಗಿತ್ತು. ಅವಳ ಹಿಡಿತ ಮಾತ್ರ ಬಿಗಿಯಾಗಿತ್ತು.

"ಒಂದು ವಿಷಯಕ್ಕೆ ಕ್ಷಮೆ ಕೇಳ್ಬೇಕು," ಎಂದ ಅವನು. "ಅವತ್ತು ಗಾಬರಿಯಲ್ಲಿ ಏಕವಚನದಲ್ಲಿ ಕೂಗಿಬಿಟ್ಟೆ."

"ಏನಂತ?"

"ನೀನು ಮೊದಲು ಇಳಿ ಅಂತ."

ಟೀಚರ್ ತಲೆ ತಗ್ಗಿಸಿದಳು. ಕಣ್ಣೀರಿನ ನಡುವೆಯೇ ತುಟಿಯಂಚಿನಲ್ಲಿ ನಗು ಮೂಡಿತು.

"ಬೇಕಾದ್ರೆ ಬೈಯಿರಿ, ಕೋಪಾನೂ ಇಟ್ಕೊಳ್ಳಿ," ಎಂದಳು. "ಆದ್ರೆ ಆ ಮಾತನ್ನ ಮಾತ್ರ ವಾಪಸ್ ತಗೋಬೇಡಿ."

ಅವನು ಮೊದಲ ಸಲ, ಅವಳ ಎದುರಿಗೇ ನಕ್ಕ.

"ಸರಿ," ಎಂದ. "ನಾಳೆನೂ ಬರ್ತೀಯಾ?"

"ಬರ್ತೀನಿ."